ನಾನ್ನೂರ ಹನ್ನೆರಡು ಮೌನಗಳು

ಮಗುವೊಂದರ ಮನಸ್ಸಿನೊಳಗೆ ನಡೆಯುತ್ತಿರುವುದು ಅದರ ಮುಂಗೈಯ ಮೇಲೆ ಬಣ್ಣವಾಗಿ ಕಾಣಿಸಿಕೊಂಡರೆ? ಪಕ್ಕದಲ್ಲಿ ಕುಳಿತ ಇನ್ನೊಂದು ಮಗು ಆ ಬಣ್ಣವನ್ನು ಓದಿ, ಪೆನ್ಸಿಲನ್ನು ಕೆಳಗಿಟ್ಟು, 'ಏನಾಯ್ತು?' ಎಂದು ಕೇಳುವುದನ್ನು ಕಲಿತರೆ? ತುಮಕೂರಿನ ಹೊರವಲಯದ ಪ್ರಯೋಗಾಲಯವೊಂದರಲ್ಲಿ ಕೆಲವು ತರುಣರು ಈ ಪ್ರಶ್ನೆ ಹಾಕಿಕೊಂಡಾಗ ನಾನು ಕಾಲೇಜಿನಿಂದ ನಿವೃತ್ತನಾಗಿ ಐದು ವರ್ಷಗಳಾಗಿದ್ದವು. ಮೂವತ್ತನಾಲ್ಕು ವರ್ಷ ಹೊಸಗನ್ನಡ ಕಾವ್ಯವನ್ನು ಪಾಠ ಮಾಡಿದ ನನ್ನನ್ನು ವಿಜ್ಞಾನಿಗಳು ಹುಡುಕಿಕೊಂಡು ಬರುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಬಂದವಳು ನಿಖತ್ ಎಂಬ ಎಂಜಿನಿಯರ್. ಆಗ ಅವಳಿಗೆ ಮೂವತ್ತೂ ಆಗಿರಲಿಲ್ಲ. ಹುಣಿಸೆ ಬೀಜದಷ್ಟು ದೊಡ್ಡದಾದ ಒಂದು ಮಣಿಯನ್ನು ನನ್ನ ಅಂಗೈಯಲ್ಲಿಟ್ಟಳು.

"ಇದಕ್ಕೆ ಎಲ್ಲ ಕೇಳಿಸತ್ತೆ ಸರ್. ನಾಡಿ, ಉಸಿರು, ದನಿ. ಅರ್ಥ ಮಾತ್ರ ಏನೂ ಗೊತ್ತಿಲ್ಲ. ಅದನ್ನ ನೀವು ಹೇಳಿಕೊಡಬೇಕು."

ಹೇಳಿಕೊಡುವ ವಿಧಾನ ಸರಳವಾಗಿತ್ತು. ಬೇರೆ ಬೇರೆ ಶಾಲೆಗಳಲ್ಲಿ ಮಕ್ಕಳ ಜೊತೆ ಇದ್ದ ಮಣಿಗಳು ಹತ್ತು ಸಾವಿರ ತುಣುಕುಗಳನ್ನು ಹಿಡಿದು ತಂದಿದ್ದವು. ಒಂದೊಂದು ತುಣುಕೂ ಒಂಬತ್ತು ಸೆಕೆಂಡಿನದು. ಒಂದು ಅಳು, ಒಂದು ಕೇಕೆ, ಒಂದು ಬಿಕ್ಕಳಿಕೆ, ಅದರ ಕೆಳಗೆ ನಾಡಿಯ ಗೆರೆ. ಮೂವರು ಕೇಳುಗರು ಅದನ್ನು ಕೇಳಿ ಅದು ಯಾವ ಭಾವವೆಂದು ಗುರುತು ಹಾಕಬೇಕು. ಒಮ್ಮತ ಬಾರದಿದ್ದರೆ ಚರ್ಚಿಸಿ, ಇಬ್ಬರು ಒಪ್ಪಿದ್ದನ್ನು ಉಳಿಸಿಕೊಳ್ಳಬೇಕು. ಆಮೇಲೆ ಮಣಿಯು ಹೊಸ ಮಗುವಿನ ಉಸಿರನ್ನು ಈ ತುಣುಕುಗಳೊಂದಿಗೆ ಹೋಲಿಸಿ, ಹೆಚ್ಚು ಹತ್ತಿರವಾದದ್ದರ ಬಣ್ಣವನ್ನು ತೋರುತ್ತದೆ. ಕೋಪಕ್ಕೆ ಕೆಂಪು, ದುಃಖಕ್ಕೆ ನೀಲಿ, ಹೆದರಿಕೆಗೆ ಹಳದಿ, ನೆಮ್ಮದಿಗೆ ಹಸಿರು. ಮಣಿಗೆ ದುಃಖವೆಂದರೇನೆಂದು ತಿಳಿಯದು. ಇಂಥ ಉಸಿರನ್ನು ಮನುಷ್ಯರು ದುಃಖವೆಂದು ಕರೆದಿದ್ದಾರೆ ಎಂಬುದಷ್ಟೇ ಅದರ ಅರಿವು. ಆ ಮನುಷ್ಯರು ನಾವು ಮೂವರು: ನಾನು, ನಿವೃತ್ತ ಮುಖ್ಯೋಪಾಧ್ಯಾಯ ಅನಂತಶಯನ, ಮತ್ತು ಶಿರಾದ ಕಡೆಯ ಹಳ್ಳಿಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಅಂಗನವಾಡಿ ನಡೆಸಿದ ಗಂಗಹನುಮಕ್ಕ.

ಏಳು ತಿಂಗಳು ನಾವು ಆ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕುಳಿತೆವು. ಹನುಮಕ್ಕ ಮನೆಯಿಂದ ಹುರಿಗಡಲೆ ತರುತ್ತಿದ್ದಳು. ಅನಂತಶಯನರು ಮಧ್ಯಾಹ್ನ ಮೂರಕ್ಕೆ ಸರಿಯಾಗಿ ತೂಕಡಿಸುತ್ತಿದ್ದರು. "ಸಾ, ಎದ್ದೇಳಿ, ಒಂದು ಮಗು ಅಳ್ತಾ ಐತೆ" ಎಂದು ಅವಳು ಅವರ ಕುರ್ಚಿಯನ್ನು ಅಲುಗಿಸುವಳು. ಆ ದಿನಗಳು ಸಂತೋಷದವಾಗಿದ್ದವು ಎಂದೇ ಬಹುಕಾಲ ನಂಬಿದ್ದೆ.

ಮಣಿಗಳು ಶಾಲೆಗಳಿಗೆ ಹೋಗಿ ಈಗ ಮೂರು ವರ್ಷ. ಅವುಗಳಿಂದ ಒಳಿತಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬೆಳಗಿನ ಪ್ರಾರ್ಥನೆಯ ನಂತರ ಮಕ್ಕಳು ಹದಿನೈದು ನಿಮಿಷ ದುಂಡಾಗಿ ಕುಳಿತು ತಮ್ಮ ತಮ್ಮ ಬಣ್ಣಗಳ ಬಗ್ಗೆ ಮಾತಾಡುತ್ತಾರೆ. ನೀಲಿಯಾದವರ ಪಕ್ಕ ಯಾರಾದರೂ ಹೋಗಿ ಕೂರುತ್ತಾರೆ. ಕೆಂಪಾದವರು ಹತ್ತು ಎಣಿಸುತ್ತಾರೆ. ಮನೆಯಲ್ಲಿ ಇದರ ಜೋಡಿ ಮಣಿಯೊಂದು ಒಲೆಯ ಪಕ್ಕದ ಗೋಡೆಯಲ್ಲಿರುತ್ತದೆ. ಮಗುವಿನ ಕೈಯ ಬಣ್ಣ ಅಲ್ಲಿಯೂ ಮೂಡುತ್ತದೆ. ನಮ್ಮ ಬೀದಿಯ ದರ್ಜಿ ಮಹದೇವಯ್ಯ ಮಗನ ಮೇಲೆ ಎತ್ತಿದ ಅಳತೆಕೋಲನ್ನು, ಹುಡುಗನ ಕೈಯಲ್ಲಿ ಹಳದಿ ಕಂಡು ಕೆಳಗಿಳಿಸಿದನಂತೆ. "ಅದ್ ಕಂಡ್ಮೇಲೆ ಹೊಡೆಯಾಕೆ ಕೈಯೇ ಬರ್ಲಿಲ್ಲ ಮೇಷ್ಟ್ರೇ" ಎಂದು ಅವನೇ ನನ್ನಲ್ಲಿ ಹೇಳಿಕೊಂಡ.

ನಮ್ಮ ಮನೆಯ ಗೋಡೆಯ ಮಣಿ ಮಾತ್ರ ಸದಾ ಹಸಿರಾಗಿರುತ್ತಿತ್ತು.

ನನ್ನ ಮೊಮ್ಮಗಳು ಇಳಾಗೆ ಎಂಟು ವರ್ಷ. ಮಾತಾಡುವಾಗ ಮೊದಲ ಅಕ್ಷರದ ಬಳಿ ಅವಳ ನಾಲಿಗೆ ನಿಂತುಬಿಡುತ್ತದೆ. ಹಿಂದೆ ಅದನ್ನು ಲೆಕ್ಕಿಸದೆ ಹರಟುತ್ತಿದ್ದಳು. ಕಳೆದ ಕೆಲವು ತಿಂಗಳಿಂದ ಮಾತು ಕಡಿಮೆಯಾಗಿತ್ತು. ಶಾಲೆಯಿಂದ ಬಂದರೆ ತನ್ನ ಪಾಡಿಗೆ ಚಿತ್ರ ಬಿಡಿಸುತ್ತಿದ್ದಳು. ಸೊಸೆ ವಸುಧಾ ಒಮ್ಮೆ ಒಗ್ಗರಣೆ ಹಾಕುತ್ತ ಕೇಳಿದಳು:

"ಮಾವ, ಇವಳು ತುಂಬ ಸುಮ್ಮನಾಗಿಬಿಟ್ಟಿದ್ದಾಳೆ ಅನ್ಸಲ್ವಾ ನಿಮಗೆ?"

"ಬಣ್ಣ ನೋಡಮ್ಮ" ಎಂದೆ. "ಒಳಗೆ ತುಂಬಿಕೊಂಡವರು ಹೊರಗೆ ಗದ್ದಲ ಮಾಡುವುದಿಲ್ಲ."

ವಸುಧಾ ಗೋಡೆಯತ್ತ ನೋಡಿದಳು. ಹಸಿರು ಅವಳ ಮುಖದ ಮೇಲೂ ಬಿದ್ದಿತ್ತು. ಮತ್ತೆ ಒಗ್ಗರಣೆಯ ಕಡೆ ತಿರುಗಿದಳು. ಅವಳ ಅನುಮಾನ ಸರಿಯಾಗಿತ್ತು, ಅದನ್ನು ನಂದಿಸಿದವನು ನಾನು.

ಅದೇ ವಾರ ಪ್ರಯೋಗಾಲಯದಿಂದ ಆಹ್ವಾನ ಬಂತು. ಮಣಿಗಳು ಇನ್ನೂ ಮೂರು ಸಾವಿರ ಶಾಲೆಗಳಿಗೆ ಹೋಗಲಿದ್ದವು. ಅದಕ್ಕೆ ಮೊದಲಿನ ಪರಿಶೀಲನಾ ಸಭೆಯಲ್ಲಿ ನನಗೆ ಸನ್ಮಾನ. 'ಮಣಿಗೆ ಭಾವಗಳ ಹೆಸರು ಕಲಿಸಿದ ಪ್ರೊ. ಪಂಚಾಕ್ಷರಯ್ಯನವರಿಗೆ' ಎಂದು ಮುದ್ರಿಸಿದ್ದರು. ಅನಂತಶಯನರು ತೀರಿಕೊಂಡು ಒಂದು ವರ್ಷವಾಗಿತ್ತು. ಹನುಮಕ್ಕನ ಹೆಸರು ಅದರಲ್ಲಿ ಇರಲಿಲ್ಲ. ಇಲ್ಲದಿರುವುದನ್ನು ನಾನು ಗಮನಿಸಿದೆ. ಫೋನ್ ಮಾಡಿ ಹೇಳಬೇಕು ಎಂದುಕೊಂಡೆ, ಹೇಳಲಿಲ್ಲ.

ಆ ಬುಧವಾರ ಮಧ್ಯಾಹ್ನ ಇಳಾ ಶಾಲೆಯಲ್ಲಿ ನಡುಗುತ್ತ ಕುಸಿದಳು. ನಾನೂ ನನ್ನ ಮಗ ಉಮಾಪತಿಯೂ ಆಸ್ಪತ್ರೆ ತಲುಪುವಷ್ಟರಲ್ಲಿ ಜ್ವರ ನೂರಮೂರು ದಾಟಿತ್ತು. ವೈದ್ಯೆ ನಮ್ಮನ್ನು ಪಕ್ಕಕ್ಕೆ ಕರೆದು, ಮೂತ್ರಕೋಶದ ಸೋಂಕು ಮೂತ್ರಪಿಂಡದವರೆಗೂ ಏರಿದೆ ಎಂದರು.

"ಇಷ್ಟು ಚಿಕ್ಕ ಮಗುವಿಗೆ ಹೀಗಾಗೋದು ನೀರು ಕುಡಿಯದೆ, ಬಂದದ್ದನ್ನ ತಡೆದುಕೊಂಡಾಗ. ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಒಂದು ಲೋಟ ನೀರೂ ಕುಡಿಯಲ್ವಂತೆ. ನಿಮಗೆ ಗೊತ್ತಿರಲಿಲ್ವಾ?"

ನಮಗೆ ಗೊತ್ತಿರಲಿಲ್ಲ. ಇಳಾ ಒಂದು ಹಾಳೆಯ ಮೇಲೆ ವೈದ್ಯೆಗೆ ಬರೆದು ತಿಳಿಸಿದ್ದಳು. ತರಗತಿಯಲ್ಲಿ ಏನು ಬೇಕಾದರೂ ಪೂರ್ಣ ವಾಕ್ಯದಲ್ಲಿ ಕೇಳಬೇಕು ಎಂಬುದು ಮಣಿಗಳ ಜೊತೆ ಶಾಲೆಗೆ ಬಂದ ಭಾವಶಿಕ್ಷಣದ ನಿಯಮ. 'ನನಗೆ ಈಗ ಹೊರಗೆ ಹೋಗಬೇಕು ಅನ್ನಿಸುತ್ತಿದೆ, ಹೋಗಲೇ?' ಮಕ್ಕಳು ತಮ್ಮ ಒಳಗನ್ನು ಮಾತಿಗೆ ತರಲಿ ಎಂಬ ಸದುದ್ದೇಶ. ಇಳಾ 'ನ' ಎಂಬಲ್ಲಿಯೇ ನಿಲ್ಲುತ್ತಿದ್ದಳು. ನಲವತ್ತು ಮಕ್ಕಳು ಕಾದು, ಕೊನೆಗೆ ಯಾರಾದರೊಬ್ಬರು ನಕ್ಕು, ನಗು ಹರಡುತ್ತಿತ್ತು. ಕೇಳುವ ಪ್ರಸಂಗವೇ ಬಾರದಿರಲಿ ಎಂದು ಅವಳು ನೀರು ಕುಡಿಯುವುದನ್ನೇ ಬಿಟ್ಟಳು. ನಾಲ್ಕು ತಿಂಗಳಿಂದ.

ಬಿಳಿ ಹೊದಿಕೆಯ ಮೇಲೆ ಅವಳ ಕೈಯಿತ್ತು. ಸೂಜಿ ಚುಚ್ಚಲು ನರ್ಸ್ ಬಂದಾಗ ಇಳಾ ಕಣ್ಣು ಮುಚ್ಚಿ, ತುಟಿ ಬಿಗಿದು, ಅಲುಗಾಡದೆ ಮಲಗಿದಳು. ನಾನು ಮಣಿಯನ್ನೇ ನೋಡುತ್ತಿದ್ದೆ. ಅದು ಹಸಿರಾಗಿತ್ತು.

"ಎಷ್ಟು ಸಮಾಧಾನದ ಮಗು ಅಜ್ಜಾ ನಿಮ್ದು!" ಎಂದಳು ನರ್ಸ್.

ಮರುದಿನ ನಿಖತ್‌ಳ ಬಳಿಗೆ ಹೋದೆ. ಅವಳ ನಿಯಂತ್ರಣ ಕೋಣೆಯ ಗೋಡೆಯ ತುಂಬ ಶಾಲೆಗಳ ನಕ್ಷೆ. ಸಾವಿರದ ನೂರು ಚುಕ್ಕೆಗಳು, ಬಹುಪಾಲು ಹಸಿರು. ಇಳಾಳ ದಾಖಲೆಯನ್ನು ತೆಗೆಸಿದೆ. ನಿಖತ್ ಎರಡು ಗೆರೆಗಳನ್ನು ಒಂದರ ಕೆಳಗೊಂದು ಇಟ್ಟಳು.

"ಸರ್, ಹೆದರಿ ಓಡುವಾಗ ನಾಡಿ ಏರತ್ತೆ. ಆದರೆ ಓಡೋಕೆ ಜಾಗ ಇಲ್ಲದೇ ಇದ್ದಾಗ ದೇಹ ಹೆಪ್ಪುಗಟ್ಟಿದ ಹಾಗಾಗತ್ತೆ. ನಾಡಿ ಇಳಿಯತ್ತೆ, ಉಸಿರು ಸಣ್ಣದಾಗತ್ತೆ. ನೆಮ್ಮದಿಯಲ್ಲೂ ನಾಡಿ ಇಳಿಯತ್ತೆ. ಉಸಿರು ಮುಗಿಯೋ ಕಡೆ ನೋಡಿ, ಇಲ್ಲಿ ಸಣ್ಣ ಕೊಕ್ಕೆ ಇದೆ. ಇಷ್ಟೇ ವ್ಯತ್ಯಾಸ."

"ಮಣಿಗೆ ಅದು ಕಾಣುವುದಿಲ್ಲವೇ?"

"ಕಾಣತ್ತೆ ಸರ್." ಅವಳು ನನ್ನ ಮುಖ ನೋಡದೆ ಉತ್ತರಿಸಿದಳು. "ಎರಡೂ ಒಂದೇ ಅಂತ ನಾವು ಕಲಿಸಿದ್ದೀವಿ."

ಹತ್ತು ಸಾವಿರದಲ್ಲಿ ದನಿಯೇ ಇಲ್ಲದ ತುಣುಕುಗಳು ನಾನ್ನೂರ ಹನ್ನೆರಡು. ಎಲ್ಲದರ ಮೇಲೂ 'ನೆಮ್ಮದಿ' ಎಂಬ ಗುರುತು. ಎಲ್ಲದರಲ್ಲೂ ಹನುಮಕ್ಕನ ಕಾಲಂನಲ್ಲಿ ಮೊದಲು ಬೇರೇನೋ ಇತ್ತು: 'ಹೆದರಿಕೆ', 'ಹೆದರಿಕೆ', 'ಗೊತ್ತಾಗ್ತಿಲ್ಲ', 'ಹೆದರಿಕೆ'. ಅನಂತಶಯನರು ಮೊದಮೊದಲು ಅವಳ ಜೊತೆಗಿದ್ದರು. ಮೂರನೆಯ ವಾರದಿಂದ ನನ್ನ ಕಡೆ ಬಂದು, ಹಿಂದಿನ ಗುರುತುಗಳನ್ನೂ ತಿದ್ದಿದ್ದರು. ನಮ್ಮ ಚರ್ಚೆಗಳೂ ದಾಖಲಾಗಿದ್ದವೆಂದು ನಾನು ಮರೆತಿದ್ದೆ. ಬೇಡ ಎನ್ನುವಷ್ಟರಲ್ಲಿ ನಿಖತ್ ಅದನ್ನು ಹಾಕಿದ್ದಳು.

ಆರು ವರ್ಷ ಕಿರಿಯನಾದ ನನ್ನ ದನಿ ಕೋಣೆಯನ್ನು ತುಂಬಿತು. ನಿಧಾನವಾಗಿ, ಇಂಪಾಗಿ, ಪ್ರತಿ ವಿರಾಮವನ್ನೂ ಅಳೆದು ಹೇಳುತ್ತಿದ್ದೆ. ಮೌನವೆಂದರೆ ಕೊರತೆಯಲ್ಲ, ಪೂರ್ಣತೆ. ಮಾತು ಮುಗಿದಲ್ಲಿ ಕಾವ್ಯ ಆರಂಭವಾಗುತ್ತದೆ. ಗದ್ದಲ ಮಾಡದ ಮಗು ತನ್ನೊಳಗೆ ನೆಲೆನಿಂತ ಮಗು.

ನಡುವೆ ಹನುಮಕ್ಕ: "ಸಾ, ಈ ಮಗು ಉಸಿರು ಹಿಡ್ಕೊಂಡೈತೆ. ಬಾಗಿಲ ಹಿಂದೆ ಅವಿತ್ಕೊಂಡಾಗ ಹಿಂಗೇ ಉಸಿರಾಡ್ತಾವೆ. ನಾನು ನೋಡಿವ್ನಿ."

ನಾನು: "ನೀವು ನೋಡಿದ್ದೀರಿ ಹನುಮಕ್ಕ, ಒಪ್ಪಿದೆ. ಆದರೆ ನೋಡುವುದು ಬೇರೆ, ಗ್ರಹಿಸುವುದು ಬೇರೆ. ಅದಕ್ಕೆ ಸ್ವಲ್ಪ ಓದಿನ ಸಂಸ್ಕಾರ ಬೇಕಾಗುತ್ತದೆ."

ಅನಂತಶಯನರ ಸಣ್ಣ ನಗು. ಆಮೇಲೆ ಅವಳು: "ಆಯ್ತು ಬಿಡಿ ಸಾ. ನೀವು ಓದ್ದೋರು."

ಹುರಿಗಡಲೆಯ ಪೊಟ್ಟಣ ಮುಚ್ಚುವ ಸದ್ದು ಕೇಳಿಸಿತು. ನಾನು ತಲೆ ತಗ್ಗಿಸಿದೆ. ಪಾದಗಳ ಮೇಲೆ ನನ್ನ ಪಂಚೆಯ ಅಂಚು, ಎಂದಿನಂತೆ ಶುಭ್ರ.

ನಿಖತ್ ದಾಖಲೆಯನ್ನು ನಿಲ್ಲಿಸಿ, ಬಹಳ ಮೃದುವಾಗಿ ಹೇಳಿದಳು: "ಮುಂದಿನ ತಿಂಗಳು ಮಣಿಗಳಿಗೆ ಹೊಸ ಆವೃತ್ತಿ ಕಳಿಸ್ತೀವಿ. ಅದರಲ್ಲೇ ಸರಿ ಮಾಡಿಬಿಡಬಹುದು ಸರ್. ಯಾಕೆ ಬದಲಾಯ್ತು ಅಂತ ಯಾರೂ ಕೇಳಲ್ಲ."

ನನಗೆ ಆದದ್ದು ನಿರಾಳ. ಅದನ್ನು ಮುಚ್ಚಿಡಲಾರೆ. ಮನೆಗೆ ಬರುವವರೆಗೂ ಆ ನಿರಾಳ ಭಾವ ನನ್ನೊಂದಿಗಿತ್ತು. ಆಸ್ಪತ್ರೆಗೆ ಹೋಗಿ ಇಳಾಳ ಹಾಸಿಗೆಯ ಪಕ್ಕ ಕುಳಿತ ಮೇಲೆ ಲೆಕ್ಕ ಬೇರೆಯಾಯಿತು. ಹೊಸ ಆವೃತ್ತಿ ನಾಳಿನ ಹೆದರಿಕೆಯನ್ನು ತೋರೀತು. ಮೂರು ವರ್ಷದಿಂದ ಹಸಿರಾಗಿಯೇ ಉಳಿದ ಮಕ್ಕಳಲ್ಲಿ ಯಾರು ನೀರು ಬಿಟ್ಟಿದ್ದಾರೆ, ಯಾರು ಬಾಗಿಲ ಹಿಂದೆ ನಿಂತಿದ್ದಾರೆ ಎಂದು ಕೇಳುವವರು ಯಾರು? ಕೇಳಬೇಕೆಂದು ಶಾಲೆಯವರಿಗೂ ಮನೆಯವರಿಗೂ ತಿಳಿಯಬೇಕಾದರೆ, ಆ ಹಸಿರು ಎಲ್ಲಿಂದ ಬಂತೆಂದು ಯಾರಾದರೂ ಹೇಳಲೇಬೇಕು.

ಸಭೆಗೆ ಎರಡು ದಿನ ಮೊದಲು ಶಿರಾದ ಬಸ್ಸು ಹತ್ತಿದೆ. ಹನುಮಕ್ಕ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ನನ್ನನ್ನು ಕಂಡು ಮೊರವನ್ನು ಕೆಳಗಿಟ್ಟಳು.

"ಅಯ್ಯೋ, ಏನ್ ಸಾ, ದಾರಿ ತಪ್ತಾ?"

ಎಲ್ಲವನ್ನೂ ಹೇಳಿದೆ. ಇಳಾಳ ವಿಷಯ ಬಂದಾಗ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದಾಖಲೆಯ ವಿಷಯ ಬಂದಾಗ ಕೈ ಇಳಿಸಿದಳು.

"ಅವತ್ತು ಮನೆಗೆ ಬಂದು ನಮ್ಮ ಯಜಮಾನ್ರಿಗೆ ಹೇಳ್ದೆ ಸಾ. ಪ್ರೊಫೆಸರು ಭಾರಿ ಚೆಂದ ಮಾತಾಡ್ತಾರೆ, ನಂಗೇ ಒಂದು ಗಳಿಗೆ ನನ್ ಕಿವಿ ಮೇಲೆ ಅನುಮಾನ ಬಂತು ಅಂತ."

"ನೀವು ಯಾಕೆ ಬಿಟ್ಟುಕೊಟ್ಟಿರಿ?" ಎಂದು ಕೇಳಿದೆ. ಕೇಳಿದೊಡನೆ ನಾಚಿಕೆಯಾಯಿತು. ಈಗಲೂ ತಪ್ಪಿನ ಒಂದು ತುಂಡನ್ನು ಅವಳ ಮೊರಕ್ಕೆ ಹಾಕಲು ನೋಡುತ್ತಿದ್ದೆ.

ಅವಳಿಗೆ ಸಿಟ್ಟು ಬರಲಿಲ್ಲ. "ನಾನೂ ಹೆದ್ರುಕೊಂಡೆ ಸಾ. ಸುಮ್ಕಾದೆ. ನಿಮ್ಗೆ ನಾನೂ ಹಸ್ರಾಗೇ ಕಂಡಿರ್ತೀನಿ" ಎಂದು ನಕ್ಕಳು. ಆ ನಗುವನ್ನು ನಾನು ಯಾವ ಬಣ್ಣದಲ್ಲಿ ಗುರುತಿಸಬೇಕಿತ್ತೋ ತಿಳಿಯಲಿಲ್ಲ.

"ಆ ತುಣುಕುಗಳಿಗೆ ಮತ್ತೆ ಗುರುತು ಹಾಕಲು ಬರುತ್ತೀರಾ?"

"ಬರ್ತೀನಿ. ಆದ್ರೆ ಒಂದು ಮಾತು. ನನ್ನ ಹೆದರಿಕೆ ಅನ್ನೋದೂ ಎಲ್ಲಾನೂ ಸರಿ ಅಂತಲ್ಲ. ಕೆಲವು ಮಕ್ಕಳು ಬರೀ ನಿದ್ದೆಗಣ್ಣಲ್ಲಿ ಇರ್ತಾವೆ, ಕೆಲವು ಇರುವೆ ನೋಡ್ಕೊಂಡು ಕುಂತಿರ್ತಾವೆ. ನಂಗೆ ಗೊತ್ತಾಗ್ದೇ ಇದ್ರೆ ಏನ್ ಮಾಡ್ತಿದ್ದೆ ಹೇಳಿ? ಪಕ್ಕದಾಗೆ ಕುಂತ್ಕೊಂಡು ಕೇಳ್ತಿದ್ದೆ. ಹೇಳೋಗಂಟ ಕಾಯ್ತಿದ್ದೆ." ಆಮೇಲೆ, ಮೊರ ಎತ್ತಿಕೊಳ್ಳುತ್ತ: "ನಿಮ್ಮ ಮೊಮ್ಮಗಳನ್ನ ಕೇಳಿದ್ರಾ ಸಾ?"

ವೈದ್ಯೆಗೆ ಬರೆದು ಕೊಟ್ಟ ಹಾಳೆಯನ್ನು ಓದಿದ್ದೆ. ನಾಡಿಯ ಗೆರೆಯನ್ನು ನೋಡಿದ್ದೆ. ಅವಳನ್ನು ಕೇಳಿರಲಿಲ್ಲ.

ಸಭೆಯಲ್ಲಿ ಎಪ್ಪತ್ತು ಜನರಿದ್ದರು. ಶಾಲು ಹೊದಿಸಲು ಬಂದವರನ್ನು ಕೈಯೆತ್ತಿ ತಡೆದೆ. ಹನುಮಕ್ಕ ಕೊನೆಯ ಸಾಲಿನಲ್ಲಿ ಕುಳಿತಿದ್ದಳು. ನಾನು ಸಿದ್ಧಪಡಿಸಿಕೊಂಡಿದ್ದ ಭಾಷಣದಲ್ಲಿ ಒಳ್ಳೆಯ ವಾಕ್ಯಗಳಿದ್ದವು. ಅವನ್ನು ಓದಲಿಲ್ಲ. ಮೂರು ವರ್ಷದಿಂದ ಹಸಿರಾಗಿಯೇ ಇರುವ ಆರು ಸಾವಿರ ಮಕ್ಕಳ ಬಗ್ಗೆ ನಾನು ಸುಳ್ಳು ಕಲಿಸಿದ್ದೇನೆ ಎಂದೆ. ತಿಳಿದವಳೊಬ್ಬಳು ತಡೆದಾಗ, ಅವಳು ಓದಿದವಳಲ್ಲ ಎಂಬ ಒಂದೇ ಕಾರಣಕ್ಕೆ ಅವಳ ಬಾಯಿ ಮುಚ್ಚಿಸಿದೆ ಎಂದೆ. ಆಮೇಲೆ ನಿಖತ್ ಆ ದಾಖಲೆಯನ್ನು ಹಾಕಿದಳು. ಹಾಕಬೇಕೆಂದು ನಾನೇ ಕೇಳಿದ್ದೆ. 'ಓದಿನ ಸಂಸ್ಕಾರ' ಎಂಬಲ್ಲಿ ಮುಂದಿನ ಸಾಲಿನ ಶಿಕ್ಷಕಿಯೊಬ್ಬರು ಮುಖ ತಿರುಗಿಸಿಕೊಂಡರು.

ಯಾರೋ ಎದ್ದು ಕೇಳಿದರು: "ಹಾಗಾದರೆ ಮಣಿಗಳನ್ನ ತೆಗೆದುಹಾಕಬೇಕಾ?"

ಉತ್ತರ ಕೊನೆಯ ಸಾಲಿನಿಂದ ಬಂತು. "ತೆಗಿಯೋದ್ಯಾಕೆ? ಗೊತ್ತಿಲ್ದೇ ಇದ್ದಾಗ ಗೊತ್ತಿಲ್ಲ ಅನ್ನೋದನ್ನ ಅದಕ್ಕೆ ಕಲ್ಸಿ."

ಹಾಗೆಯೇ ಆಯಿತು. ಮೂರು ಸಾವಿರ ಶಾಲೆಗಳ ಕಾರ್ಯಕ್ರಮ ಮುಂದಕ್ಕೆ ಹೋಯಿತು. ಹನುಮಕ್ಕನೂ, ತುಣುಕುಗಳಲ್ಲಿದ್ದ ಮಕ್ಕಳಲ್ಲಿ ಪತ್ತೆಯಾದ ಕೆಲವರೂ ಕೂತು ಮತ್ತೆ ಕೇಳಿದರು. ಈಗ ದೊಡ್ಡವರಾದ ಆ ಮಕ್ಕಳಲ್ಲಿ ಒಬ್ಬ, "ಅವತ್ತು ನನ್ನ ಹೋಂವರ್ಕ್ ಆಗಿರ್ಲಿಲ್ಲ" ಎಂದು ನೆನಪಿಸಿಕೊಂಡನಂತೆ. ಇನ್ನೊಬ್ಬಳು ಏನನ್ನೂ ಹೇಳದೆ ಎದ್ದುಹೋದಳಂತೆ. ಹೊಸ ಆವೃತ್ತಿಯಲ್ಲಿ ಮಾತಿಲ್ಲದ ಉಸಿರಿಗೆ ಮಣಿ ಬಣ್ಣ ಕಳೆದುಕೊಳ್ಳುತ್ತದೆ, ಗಾಜಿನಂತಾಗುತ್ತದೆ. ಗಾಜಾದ ಮಗುವಿನ ಪಕ್ಕ ದೊಡ್ಡವರೊಬ್ಬರು ಕುಳಿತು ಕೇಳಬೇಕು, ಉತ್ತರ ಬರುವವರೆಗೆ ಕಾಯಬೇಕು. ಬರೆದರೂ ಸರಿ, ಬೆರಳು ತೋರಿದರೂ ಸರಿ. ಪೂರ್ಣ ವಾಕ್ಯದ ನಿಯಮ ಹೋಯಿತು. ಮೊದಲ ವಾರದಲ್ಲೇ ಒಂದು ಶಾಲೆಯಲ್ಲಿ ಹದಿನೇಳು ಗಾಜುಗಳು ಕಂಡವು. ನಿಖತ್ ಆ ಅಂಕಿಯನ್ನು ನನಗೆ ಕಳುಹಿಸಿದಳು. ಪ್ರತಿ ಸೋಮವಾರ ಕಳುಹಿಸುತ್ತಿರುತ್ತಾಳೆ. ನಾನು ಬೇಡವೆಂದಿಲ್ಲ.

ಇಳಾ ಗುಣವಾಗಿ ಮನೆಗೆ ಬಂದು ಆರು ವಾರಗಳಾಗಿದ್ದವು. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. ಬಿಸಿಲು ಅವಳ ಮುಂಗೈ ತಲುಪಿದಾಗ ಮಣಿ ಗಾಜಾಗಿರುವುದನ್ನು ಕಂಡೆ.

"ಏನಾಯ್ತು ಮಗಳೇ?"

ಅವಳು ತಲೆಯಾಡಿಸಿದಳು. ನಾನು ಕಾದೆ. ಒಂದು ಕಾಯಿ, ಎರಡು ಕಾಯಿ. ಬೊಗಸೆಯಷ್ಟು ಸಿಪ್ಪೆ ಬಿತ್ತು. ಬಾಯಿಗೆ ಬಂದ ಬುದ್ಧಿಮಾತುಗಳನ್ನು ನುಂಗುತ್ತ ಹೋದೆ.

"ಶಾಲೆಯಲ್ಲಿ ಯಾರು ಮೊದಲು ನಕ್ಕಿದ್ದು?" ಎಂದು ಕೊನೆಗೆ ಕೇಳಿದೆ. ಆ ಹೆಸರು ಸಿಕ್ಕರೆ ನನ್ನ ತಪ್ಪು ಸ್ವಲ್ಪ ಹಂಚಿಹೋದೀತೆಂಬ ಆಸೆಯೂ ಆ ಪ್ರಶ್ನೆಯಲ್ಲಿತ್ತು.

"ನ... ನ... ನಕ್ಕಿದ್ದಕ್ಕಲ್ಲ ತಾತ." ಅವಳ ಕುತ್ತಿಗೆಯ ನರ ಬಿಗಿಯಿತು. ಪದವನ್ನು ಎತ್ತಿಕೊಡಲು ನನ್ನ ನಾಲಿಗೆ ಚಡಪಡಿಸಿತು. ತಡೆದೆ. "ದೀ... ದೀಪಾವಳೀಲಿ ನಿ... ನಿಮ್ಮ ಫ್ರೆಂಡ್ಸ್ ಬಂದಿದ್ರಲ್ಲ. ನಾನು ಪ... ಪದ್ಯ ಹೇಳ್ತಿದ್ದೆ. ಆಗ ನೀವು ಹೇಳಿದ್ರಲ್ಲ."

"ಏನು ಹೇಳಿದೆ?"

"ತ... ತಡವರಿಸೋದಕ್ಕಿಂತ ಮೌನವೇ ಚೆಂದ ಅಂತ." ಅವಳು ದೂರುತ್ತಿರಲಿಲ್ಲ. ಪಾಠ ಒಪ್ಪಿಸುವಂತೆ ಹೇಳುತ್ತಿದ್ದಳು. "ಎ... ಎಲ್ಲರೂ ಚಪ್ಪಾಳೆ ಹೊಡೆದ್ರು. ನಂಗಲ್ಲ. ನಿಮಗೆ."

ನೆನಪಾಯಿತು. ಅವಳ ತಲೆಯ ಮೇಲೆ ಕೈಯಿಟ್ಟು, ಸಂತೈಸುವ ದನಿಯಲ್ಲಿ, ಗೆಳೆಯರ ಕಡೆ ತಿರುಗಿ ಹೇಳಿದ್ದೆ. ಸಾಲು ಚೆನ್ನಾಗಿ ಬಂತೆಂದು ಅಂದು ಒಳಗೇ ಹಿಗ್ಗಿದ್ದೆ. ಅವಳು ಅರ್ಧ ಹೇಳಿದ್ದ ಪದ್ಯ ಯಾವುದೆಂದು ನನಗೆ ನೆನಪಿರಲಿಲ್ಲ.

ಎಪ್ಪತ್ತು ಜನರೆದುರು ಒಪ್ಪಿಕೊಂಡ ಮೇಲೆ ಇನ್ನೇನೂ ಉಳಿದಿಲ್ಲ ಎಂದುಕೊಂಡಿದ್ದೆ. ಈಗ ಅವರೆಕಾಯಿಯ ಮೊರದ ಆಚೆ ಒಂದೇ ಒಂದು ಮಗು ಕುಳಿತಿತ್ತು. ಹೇಳಬೇಕಾದದ್ದು ಒಂದೇ ಪದ. ಬಾಯಿ ತೆರೆದೆ. ದೊಡ್ಡ ದೊಡ್ಡ ತರಗತಿಗಳ ಕೊನೆಯ ಬೆಂಚಿನವರೆಗೂ ನಿರಾಯಾಸವಾಗಿ ತಲುಪುತ್ತಿದ್ದ ದನಿ ಮೊದಲ ಅಕ್ಷರದಲ್ಲಿ ಸಿಕ್ಕಿಕೊಂಡಿತು.

"ತ..." ಎಂದೆ. "ತ..."

ಇಳಾ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿ, ನನ್ನತ್ತ ಸರಿದು ಕುಳಿತಳು. ಆ ಪದ ಯಾವುದೆಂದು ಅವಳಿಗೆ ತಿಳಿದಿತ್ತು. ಅವಳ ಕಣ್ಣುಗಳಲ್ಲಿ ಅದು ಸ್ಪಷ್ಟವಾಗಿತ್ತು. ಆದರೂ ಅವಳು ನನ್ನ ಪರವಾಗಿ ಅದನ್ನು ಹೇಳಿ ಮುಗಿಸಲಿಲ್ಲ. ಕಾದಳು.